ಅಲೆದ ಕಾಲು ಕೂತ ಊರು

ಫೋರ್ಟ್ ಕೊಚ್ಚಿಯಲ್ಲಿ ಬೆಳಿಗ್ಗೆ ಏಳಕ್ಕೇ ಅಂಗಿ ಬೆನ್ನಿಗೆ ಅಂಟುತ್ತದೆ. ಚೀನಾ ಬಲೆಗಳನ್ನು ದಾಟಿ ಮಟ್ಟಾಂಚೇರಿಯ ಕಡೆ ಕಲ್ವತ್ತಿ ರಸ್ತೆ ಹಿಡಿದಿದ್ದೀರಿ. ಎಡಕ್ಕೆ ಹಳೆಯ ಗೋದಾಮುಗಳ ಸಾಲು. ಒಂದಕ್ಕೂ ಇನ್ನೊಂದಕ್ಕೂ ನಡುವಿನ ಸಂದಿಯಲ್ಲಿ ತುಂಡು ತುಂಡಾಗಿ ನೀರು ಕಾಣುತ್ತದೆ. ಆಸ್ಪಿನ್‌ವಾಲ್ ಎಂಬ ಹೆಸರು ಓದಿ ನಿಲ್ಲುತ್ತೀರಿ. ಇದು ನಮ್ಮ ಮಂಗಳೂರಲ್ಲೂ ಇತ್ತಲ್ಲ? ಇತ್ತು. ಪಿಯರ್ಸ್ ಲೆಸ್ಲಿಯೂ ಇತ್ತು. ಘಟ್ಟದ ಮೇಲಿನ ಕಾಫಿ ಬೀಜ ಇಂಥ ಕಂಪನಿಗಳ ಅಂಗಳದಲ್ಲಿ ಒಣಗಿಯೇ ಹಡಗು ಹತ್ತುತ್ತಿದ್ದ ಕಾಲವೊಂದಿತ್ತು. ಈಗ ಕೊಚ್ಚಿಯ ಆಸ್ಪಿನ್‌ವಾಲ್ ಹೌಸ್‌ನಲ್ಲಿ ಬಿನಾಲೆಯ ಕಲಾಕೃತಿಗಳು ಕೂರುತ್ತವೆ, 2012ರಿಂದ.

ನಿಮ್ಮನ್ನು ಇಲ್ಲಿಗೆ ಕರೆತಂದದ್ದು ಇಂಗ್ಲಿಷರ ಕಂಪನಿ ತೋರಿಸಲಿಕ್ಕಲ್ಲ. ಇದೇ ದಂಡೆಯಲ್ಲಿ ವ್ಯಾಪಾರ ಮಾಡಿದ ಇನ್ನೊಂದು ಮನೆತನ ಇದೆ, ವೋಲ್ಕಾರ್ಟ್ ಬ್ರದರ್ಸ್. ಸ್ವಿಟ್ಜರ್ಲೆಂಡಿನ ವಿಂಟರ್‌ತೂರ್ ಪಟ್ಟಣ ಮತ್ತು ಬೊಂಬಾಯಿ, ಎರಡೂ ಕಡೆ ಒಟ್ಟಿಗೇ 1851ರಲ್ಲಿ ಬಾಗಿಲು ತೆರೆದ ಕಂಪನಿ. 1859ಕ್ಕೆ ಕೊಚ್ಚಿಗೆ ಬಂತು. ಕಡಲೇ ಇಲ್ಲದ ದೇಶದವರು ಕಡಲ ವ್ಯಾಪಾರಕ್ಕೆ ಇಳಿದು ಇಲ್ಲಿಂದ ತೆಂಗಿನ ನಾರಿನ ಹುರಿ, ಕೊಬ್ಬರಿ ಎಣ್ಣೆ, ಕಾಫಿ ಸಾಗಿಸಿದರು. 1954ರಲ್ಲಿ ಟಾಟಾದವರ ಜೊತೆ ಸೇರಿ ಕಟ್ಟಿದ ವೋಲ್ಟಾಸ್‌ನ ಹೆಸರಲ್ಲಿ ಇವರ ಹೆಸರಿನ ಅರ್ಧ ಇಂದಿಗೂ ನಮ್ಮ ಗೋಡೆಗಳ ಮೇಲೆ ತಣ್ಣನೆಯ ಗಾಳಿ ಬಿಡುತ್ತಿದೆ.

ಈ ಕಂಪನಿಯ ಲಾಭ ಎಲ್ಲಿಗೆ ಹೋಯಿತು ಎಂದು ಕೇಳಿದರೆ ಒಂದು ಚೋದ್ಯ ಸಿಗುತ್ತದೆ. ಒಡೆಯರಾದ ರೈನ್‌ಹಾರ್ಟ್ ಅಣ್ಣತಮ್ಮಂದಿರು ಕಲೆ, ಸಾಹಿತ್ಯಗಳ ಹುಚ್ಚಿನವರು. ಗಿಯೋರ್ಗ್ ರೈನ್‌ಹಾರ್ಟ್ ಹರ್ಮನ್ ಹೆಸ್ಸೆಯ ಗೆಳೆಯ. ವೆರ್ನರ್ ರೈನ್‌ಹಾರ್ಟ್, ಕವಿ ರಿಲ್ಕೆಗೆ ಇರಲೊಂದು ಜಾಗ ಬೇಕೆಂದಾಗ ವಾಲೆ ಪ್ರಾಂತದ ಸಿಯೆರ್ ಪಟ್ಟಣದ ಹತ್ತಿರ ಮ್ಯೂಜೋ ಎಂಬ ಹಳೆಯ ಕಲ್ಲುಮನೆಯನ್ನು ಹಿಡಿದುಕೊಟ್ಟವನು. 1922ರಲ್ಲಿ ರಿಲ್ಕೆ ತನ್ನ ‘ಡುಯಿನೋ ಶೋಕಗೀತೆ’ಗಳನ್ನು ಪೂರ್ತಿ ಮಾಡಿದ್ದು ಅಲ್ಲಿ. ಕೊಚ್ಚಿಯ ಹುರಿ, ಗುಜರಾತು ಸಿಂಧಿನ ಹತ್ತಿ, ಎಲ್ಲವೂ ಸೇರಿ ಕವಿಯೊಬ್ಬನ ಸೂರಾಯಿತು. ಸಿಯೆರ್ ಎಂಬ ಆ ಊರಿನ ಹೆಸರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಕನ್ನಡಿಗರಿಗೆ ಸ್ವಿಸ್ ಎಂದರೆ ಮೊದಲು ನೆನಪಾಗುವುದು ಬಾಸೆಲ್. ಮಿಶನ್ನಿನ ಹೆಂಚು, ‘ಮಂಗಳೂರ ಸಮಾಚಾರ’, ಕಿಟೆಲ್ ಕೋಶ. ಊರು ಸ್ವಿಸ್ ಆದರೂ ಅಲ್ಲಿಂದ ಬಂದ ದೊಡ್ಡ ಹೆಸರುಗಳು ಹೆಚ್ಚಿನವು ಜರ್ಮನರವು: ಮೋಗ್ಲಿಂಗ್, ಕಿಟೆಲ್, ತಲಶ್ಶೇರಿಯಲ್ಲಿ ಕೂತು ಮಲಯಾಳಕ್ಕೆ ನಿಘಂಟು ಬರೆದ ಗುಂಡರ್ಟ್. ಗುಂಡರ್ಟರ ಹೆಂಡತಿ ಜೂಲಿ ದ್ಯುಬ್ವಾ ಮಾತ್ರ ಅಪ್ಪಟ ಸ್ವಿಸ್, ಫ್ರೆಂಚ್ ಮಾತಾಡುವ ಕಡೆಯವಳು. ಅವರ ಮಗಳು ಮರೀ ತಲಶ್ಶೇರಿಯಲ್ಲಿ 1842ರಲ್ಲಿ ಹುಟ್ಟಿದಳು. ಆ ಮರೀಯ ಮಗನೇ ಹೆಸ್ಸೆ. ಅಜ್ಜನ ಮನೆಯ ಭಾರತವನ್ನು ಜೀವಮಾನವಿಡೀ ಬರೆದ ಹೆಸ್ಸೆ 1911ರಲ್ಲಿ ಹಡಗು ಹತ್ತಿ ಸಿಲೋನು, ಸುಮಾತ್ರಾ ಎಲ್ಲ ನೋಡಿದ; ತಾಯಿ ಹುಟ್ಟಿದ ಕರಾವಳಿಗೆ ಮಾತ್ರ ಕಾಲಿಡಲೇ ಇಲ್ಲ. ಅದಕ್ಕೆ ತದ್ವಿರುದ್ಧವಾಗಿ, ಭಾರತದ ಹಂಗೇನೂ ಇಲ್ಲದೆ ಜಿನೀವಾದಲ್ಲಿ ತುಪ್ಪಳದ ವ್ಯಾಪಾರಿಯ ಮಗಳಾಗಿ ಹುಟ್ಟಿದ ಒಬ್ಬಾಕೆ ಇಲ್ಲಿ ಬಂದು ಐದು ವರ್ಷ ಕೂತುಬಿಟ್ಟರು. ಅವರ ಹೆಸರು ಎಲಾ ಮಯಾರ್. ನಾವೀಗ ಅವರ ಜಾಡು ಹಿಡಿದು ತಿರುವನಂತಪುರಕ್ಕೆ ಹೊರಟಿದ್ದೇವೆ.

ಎರ್ನಾಕುಳಂ ಜಂಕ್ಷನ್ನಿನಲ್ಲಿ ಕೋಟ್ಟಯಂ ಮೇಲಿನ ಗಾಡಿ ಹತ್ತಿ. ಆಲಪ್ಪುಳ ಮೇಲಿನದೂ ಇದೆ, ಅಲ್ಲಿ ಹಿನ್ನೀರು ಹೆಚ್ಚು ಕಾಣುತ್ತದೆ, ಆದರೆ ಈ ಹೊತ್ತು ನಮಗೆ ಕೋಟ್ಟಯಂ ದಾರಿಯೇ ಬೇಕು. ಕಿಟಕಿ ಪಕ್ಕ ಸೀಟು ಸಿಕ್ಕರೆ ಪುಣ್ಯ. ಪಳಂಪೊರಿ ಮಾರುವವನು ಬಂದಾಗ ಬೇಡ ಅನ್ನಬೇಡಿ. ಮೈದಾ ಹಿಟ್ಟಲ್ಲಿ ಅದ್ದಿ ಕರಿದ ನೇಂದ್ರ ಬಾಳೆ, ಎಣ್ಣೆ ಪೇಪರಿಗೆ ಇಳಿದು ಅಕ್ಷರಗಳೆಲ್ಲ ಹಿಂದುಮುಂದಾಗಿ ಕಾಣುತ್ತವೆ. ಗಾಡಿ ವೈಕ್ಕಂ ರೋಡ್, ಏಟ್ಟುಮಾನೂರು ದಾಟುತ್ತದೆ. ಇಷ್ಟು ಸಲೀಸಾದ ಈ ದಾರಿ ಮಯಾರ್ ಕಾಲಕ್ಕೆ ಇರಲಿಲ್ಲ. ಎರ್ನಾಕುಳದಿಂದ ಕೋಟ್ಟಯಂ, ಅಲ್ಲಿಂದ ಕೊಲ್ಲಂ ಎಂದು ಹಳಿ ಕೂಡಿದ್ದು 1950ರ ದಶಕದ ಕೊನೆಯಲ್ಲಿ. ಅದಕ್ಕೆ ಮೊದಲು ಕೊಚ್ಚಿಯವರು ತಿರುವಿತಾಂಕೂರಿನ ರಾಜಧಾನಿಗೆ ದೋಣಿಯಲ್ಲೋ ಮೋಟಾರಿನಲ್ಲೋ ಹೋಗಬೇಕು. ತಮಿಳು ಸೀಮೆಯ ಕಡೆಯಿಂದ ರೈಲಲ್ಲಿ ಬರುವವರಿಗೆ ಇದ್ದದ್ದು ಸೆಂಗೋಟ್ಟೈಯ ಘಟ್ಟ: ಮೀಟರ್‌ಗೇಜ್ ಗಾಡಿ ಸುರಂಗಗಳಲ್ಲಿ ನುಗ್ಗಿ, ತೆನ್ಮಲದ ಹದಿಮೂರು ಕಮಾನಿನ ಸೇತುವೆಯ ಮೇಲೆ ಏದುಸಿರು ಬಿಟ್ಟು, ಪುನಲೂರಿಗಿಳಿದು ಕೊಲ್ಲಂ ಸೇರಿ ಅಲ್ಲಿಂದ ತೆಂಕಕ್ಕೆ ತಿರುಗುತ್ತಿತ್ತು.

ಗಾಡಿ ಓಡಲಿ. ಅಷ್ಟರಲ್ಲಿ ಈಕೆ ಯಾರೆಂದು ತಿಳಿದುಕೊಳ್ಳೋಣ. ಹುಟ್ಟಿದ್ದು 1903ರ ಫೆಬ್ರವರಿ 20. ತಾಯಿ ಡೆನ್ಮಾರ್ಕಿನವರು, ಮಗಳಿಗೆ ಹಿಮದ ಮೇಲೆ ಜಾರುವುದನ್ನು ಕಲಿಸಿದವರು. ಈಕೆ ಹದಿನಾರಕ್ಕೆ ಹುಡುಗಿಯರ ಹಾಕಿ ಕ್ಲಬ್ಬು ಕಟ್ಟಿದರು. ಇಪ್ಪತ್ತೊಂದಕ್ಕೆ, 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ, ಒಬ್ಬರೇ ನಡೆಸುವ ಹಾಯಿದೋಣಿಯ ಸ್ಪರ್ಧೆಗೆ ಸ್ವಿಸ್ ಪರವಾಗಿ ಇಳಿದರು, ಎದುರಾಳಿಗಳೆಲ್ಲ ಗಂಡಸರು. ಸ್ಕೀಯಿಂಗಿನಲ್ಲೂ ದೇಶದ ತಂಡದಲ್ಲಿದ್ದರು. ಮೊದಲ ಮಹಾಯುದ್ಧ ನೋಡಿದ ತಲೆಮಾರಿಗೆ ಯುರೋಪಿನ ಮೇಲೆ ಬಂದ ಅಸಹ್ಯ ಈಕೆಗೂ ಬಂದಿತ್ತು. 1930ರಲ್ಲಿ ಮಾಸ್ಕೋ, 1932ರಲ್ಲಿ ತುರ್ಕಿಸ್ತಾನ. 1935ರಲ್ಲಿ ಪೀಕಿಂಗಿನಿಂದ ಹೊರಟು ಸಿಂಕಿಯಾಂಗಿನ ಮರುಭೂಮಿ ದಾಟಿ ಶ್ರೀನಗರಕ್ಕೆ, ಏಳು ತಿಂಗಳು, ಜೊತೆಗೆ ಲಂಡನ್ನಿನ ಪತ್ರಕರ್ತ ಪೀಟರ್ ಫ್ಲೆಮಿಂಗ್. ಜೇಮ್ಸ್ ಬಾಂಡ್‌ನನ್ನು ಸೃಷ್ಟಿಸಿದ ಇಯಾನ್‌ನ ಅಣ್ಣ. ಇಬ್ಬರೂ ಒಂದೊಂದು ಪುಸ್ತಕ ಬರೆದರು. ಎರಡನ್ನೂ ಓದಿದರೆ ಒಂದೇ ಒಂಟೆಯ ಮೇಲೆ ಕೂತ ಇಬ್ಬರು ಎರಡು ದೇಶ ನೋಡಿದಂತಿದೆ: ಆತನಿಗೆ ಬೇಗ ಊರು ಸೇರುವ ತರಾತುರಿ, ಈಕೆಗೆ ದಾರಿ ಮುಗಿದೀತಲ್ಲಾ ಎಂಬ ಸಂಕಟ.

1939ರ ಜೂನಿನಲ್ಲಿ ಈಕೆ ಜಿನೀವಾದಿಂದ ಒಂದು ಫೋರ್ಡ್ ಕಾರಿನಲ್ಲಿ ಕಾಬೂಲಿಗೆ ಹೊರಟರು. ಸಂಗಡ ಇದ್ದವಳು ಆನ್ನೆಮರಿ ಶ್ವಾರ್ತ್ಸೆನ್‌ಬಾಖ್, ಅವಳೂ ಸ್ವಿಸ್ ಲೇಖಕಿ, ಮಾರ್ಫೀನಿನ ಚಟದಿಂದ ಬಿಡಿಸಿಕೊಳ್ಳಲು ಹೆಣಗುತ್ತಿದ್ದವಳು. ಅವಳನ್ನು ಉಳಿಸಬೇಕೆಂಬುದೇ ಮಯಾರರ ಹಟ. ಆಗಲಿಲ್ಲ. ಅಷ್ಟರಲ್ಲಿ ಯುರೋಪಿನಲ್ಲಿ ಯುದ್ಧ ಹತ್ತಿಕೊಂಡಿತು. ಇಬ್ಬರ ದಾರಿಯೂ ಬೇರೆಯಾಯಿತು. ಗೆಳತಿ ಯುರೋಪಿಗೆ ಮರಳಿದಳು. 1942ರಲ್ಲಿ ಸೈಕಲಿನಿಂದ ಬಿದ್ದು, ಆ ಪೆಟ್ಟಿನಿಂದ ಏಳದೆ ತೀರಿಕೊಂಡಳು. ಮಯಾರ್ ತೆಂಕಕ್ಕೆ ಇಳಿದರು, ತಿರುವಣ್ಣಾಮಲೈಗೆ, ರಮಣ ಮಹರ್ಷಿಗಳ ಹತ್ತಿರ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಆ ದಿನಗಳಲ್ಲಿ ಬ್ರಿಟಿಷ್ ಭಾರತದಲ್ಲಿದ್ದ ಜರ್ಮನರನ್ನು ಹಿಡಿದು ಡೆಹ್ರಾಡೂನಿನಂಥ ಶಿಬಿರಗಳಲ್ಲಿ ಕೂಡಿಹಾಕಿದ್ದರು. ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳಿಗೂ ಅದೇ ಗತಿ. ಅವರ ಸ್ವಿಸ್ ಜೊತೆಗಾರರು ಹೊರಗುಳಿದು ಶಾಲೆ, ಆಸ್ಪತ್ರೆ ನೋಡಿಕೊಂಡರು. ಯಾವ ಪಕ್ಷಕ್ಕೂ ಸೇರದ ದೇಶದ ಪಾಸ್‌ಪೋರ್ಟು ಮಯಾರರ ಕೈಯಲ್ಲಿತ್ತು. ಐದು ವರ್ಷ ಇಲ್ಲಿ ಯಾರ ಕಾಟವೂ ಇಲ್ಲದೆ ಕೂರಲು ವೈರಾಗ್ಯದಷ್ಟೇ ಆ ಪಾಸ್‌ಪೋರ್ಟೂ ಬೇಕಿತ್ತು.

ತಿರುವಲ್ಲಾ ಬಂತು. ಗಾಡಿ ಎರಡು ನಿಮಿಷ ನಿಲ್ಲುತ್ತದೆ. ಇಲ್ಲಿಗೆ ಹತ್ತಿರದ ಪೆರಿಂಗರದಲ್ಲಿ 1883ರಲ್ಲಿ ಪಿ. ಕೃಷ್ಣ ಮೇನನ್ ಹುಟ್ಟಿದರು. ಕಾನೂನು ಓದಿ, ತಿರುವಿತಾಂಕೂರು ಪೊಲೀಸಿಗೆ ಸೇರಿ, ಜಿಲ್ಲಾ ಸೂಪರಿಂಟೆಂಡೆಂಟರವರೆಗೆ ಏರಿದವರು. 1919ರಲ್ಲಿ ಕಲ್ಕತ್ತದ ಕಡೆಯ ಯೋಗಾನಂದ ಎಂಬ ಸ್ವಾಮಿಯೊಬ್ಬರನ್ನು ಕಂಡರು. ‘ಯೋಗಿಯ ಆತ್ಮಕಥೆ’ ಬರೆದ ಪರಮಹಂಸ ಯೋಗಾನಂದರಲ್ಲ, ಇವರು ಬೇರೆ. ಒಂದೇ ರಾತ್ರಿಯ ಭೇಟಿ. ನೌಕರಿ ಬಿಡಲಿಲ್ಲ, ಹೆಂಡತಿ ಮಕ್ಕಳನ್ನು ಬಿಡಲಿಲ್ಲ, ಕಾವಿ ಉಡಲಿಲ್ಲ. ಹಗಲು ಖಾಕಿ, ಉಳಿದ ಹೊತ್ತು ಅದ್ವೈತ. ಶಿಷ್ಯರು ಕೊಡುವ ಹೆಸರು ಶ್ರೀ ಆತ್ಮಾನಂದ. ಮಯಾರ್ ತಿರುವನಂತಪುರಕ್ಕೆ ಬಂದದ್ದು ಇವರಲ್ಲಿಗೆ.

ಚೆಂಗನ್ನೂರು, ಕಾಯಂಕುಳಂ, ಕೊಲ್ಲಂ, ವರ್ಕಲ. ತಿರುವನಂತಪುರದ ತಂಬಾನೂರಿನಲ್ಲಿ ಇಳಿದಾಗ ಮಧ್ಯಾಹ್ನ ಕಳೆದಿದೆ. ನಿಲ್ದಾಣದಿಂದ ಹೊರಬಿದ್ದರೆ ಬಸ್ ಸ್ಟ್ಯಾಂಡಿನ ಪಕ್ಕ ಇಟ್ಟಿಗೆಯ ಕೆಂಪು ಸುರುಳಿಯೊಂದು ನಿಂತಿದೆ, ಲಾರಿ ಬೇಕರ್ ಕಟ್ಟಿದ ಇಂಡಿಯನ್ ಕಾಫಿ ಹೌಸ್. ಒಳಗೆ ನೆಲವೇ ಮೆಟ್ಟಿಲಿಲ್ಲದೆ ಸುತ್ತುತ್ತ ಏರುತ್ತದೆ. ಕಲ್ಲುಮೇಜುಗಳೂ ಅದರೊಂದಿಗೆ ಏರುತ್ತವೆ. ತಲೆಗೆ ಬೀಸಣಿಗೆಯಂಥ ಪಾಗು ಕಟ್ಟಿದ ಮಾಣಿ ಮಸಾಲೆ ದೋಸೆ ಇಟ್ಟು ಹೋಗುತ್ತಾನೆ. ಮುರಿದು ನೋಡಿ: ಪಲ್ಯ ಕಡುಗೆಂಪು, ಬೀಟ್‌ರೂಟು. ಉಡುಪಿಯವರು ನೋಡಿದರೆ ಮುಖ ತಿರುಗಿಸಿಯಾರು. ನಾನು ತಿನ್ನುತ್ತೇನೆ.

ಕಾಫಿ ಮುಗಿಸಿ ಕಿಳಕ್ಕೇಕೋಟೆಯ ಕಡೆ ನಡೆಯಿರಿ. ಈಗ ಈ ಬೀದಿಯಿಂದ ಒಂದೊಂದೇ ತೆಗೆಯುತ್ತ ಬನ್ನಿ. ಚಿನ್ನದಂಗಡಿಗಳ ಬೋರ್ಡು ತೆಗೆಯಿರಿ. ಆಟೋ, ಬೈಕು ತೆಗೆಯಿರಿ. ಕೆಂಪು ಬಸ್ಸು ಒಂದೆರಡು ಇರಲಿ, ಸರ್ಕಾರಿ ಬಸ್ಸು ಇಲ್ಲಿ 1938ರಿಂದಲೇ ಓಡುತ್ತಿದೆ. ಜಟಕಾ ಬಂಡಿ ಸೇರಿಸಿ. ನಿಮ್ಮ ಜೇಬಿನಲ್ಲಿ ಈಗ ಚಕ್ರಂ ಎಂಬ ಪುಟ್ಟ ನಾಣ್ಯ, ಹದಿನಾರು ಕಾಸಿಗೆ ಒಂದು ಚಕ್ರಂ. ಬ್ರಿಟಿಷ್ ರೂಪಾಯಿ ಕೊಟ್ಟರೆ ಇಪ್ಪತ್ತೆಂಟೂವರೆ ಚಕ್ರಂ ಎಣಿಸಿ ಕೊಡುತ್ತಾರೆ. ಪದ್ಮನಾಭನ ಹೆಸರಲ್ಲಿ ಚಿತ್ತಿರ ತಿರುನಾಳ್ ಬಾಲರಾಮವರ್ಮ ರಾಜ್ಯವಾಳುತ್ತಿದ್ದಾರೆ. ಅವರ ಹೆಸರಲ್ಲಿ ದಿವಾನ್ ಸಿ.ಪಿ. ರಾಮಸ್ವಾಮಿ ಅಯ್ಯರ್ ಆಳುತ್ತಿದ್ದಾರೆ. ಯುದ್ಧ ನಡೆಯುತ್ತಿದೆ. 1942ರಲ್ಲಿ ಬರ್ಮಾ ಜಪಾನಿನ ಕೈಗೆ ಬಿದ್ದ ಮೇಲೆ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಆ ಅಕ್ಕಿಯನ್ನೇ ನೆಚ್ಚಿದ್ದ ರಾಜ್ಯ ಇದು. ಚೇರ್ತಲದ ಕಡೆ ಹುರಿ ಹೊಸೆಯುವ ಬಡವರು ಹಸಿವಿನಿಂದ ಸತ್ತ ಸುದ್ದಿ ಬರುತ್ತಿದೆ. ಊರಲ್ಲಿ ರೇಷನ್ ಬಂದಿದೆ, ರೇಷನ್ ಆಫೀಸು ಬಂದಿದೆ, ರೇಷನ್ ಆಫೀಸಿನ ಗುಮಾಸ್ತರೆಂಬ ಹೊಸ ಜಾತಿ ಬಂದಿದೆ. ಅನ್ನ ಉಣ್ಣುತ್ತಿದ್ದ ಮನೆಗಳಲ್ಲಿ ಮರಗೆಣಸು ಬೇಯುತ್ತಿದೆ. ಆ ವಾಸನೆ ಮೂಗಿಗೆ ಹತ್ತಿತೇ? ಹಾಗಾದರೆ ನೀವು ಬಂದು ತಲುಪಿದಿರಿ.

ಕೋಟೆ ದಾಟಿದರೆ ಪದ್ಮತೀರ್ಥ ಕೆರೆ, ಅದರ ಆಚೆ ಪದ್ಮನಾಭಸ್ವಾಮಿ ದೇವಸ್ಥಾನದ ಗೋಪುರ. ಪೂಜೆಗೆ ನಿಂತ ನಂಬಿಗಳ ಮನೆತನದವರು ಎಲ್ಲಿಯವರೆಂದು ಕೇಳಿದರೆ ನಮಗೆ ಸ್ವಲ್ಪ ಎದೆಯುಬ್ಬುತ್ತದೆ: ಚಂದ್ರಗಿರಿ ಹೊಳೆಯ ಸೀಮೆಯವರು, ತುಳುನಾಡಿನ ಮೂಲದವರು. ಅನಂತಶಯನನಿಗೆ ನಿರ್ಮಾಲ್ಯ ತೆಗೆಯುವ ಕೈ ಮನೆಯಲ್ಲಿ ತುಳು ಆಡುತ್ತಿತ್ತು. 1936ರ ನವೆಂಬರ್ 12ರ ರಾಜಘೋಷಣೆಯ ಮೇಲೆ ಕೆಳಗಿನವರೆಂದು ದೂಡಿದ್ದ ಹಿಂದೂಗಳಿಗೂ ಈ ಬಾಗಿಲು ತೆರೆದಿದೆ. ಜಿನೀವಾದಿಂದ ಬಂದ ಹೆಂಗಸಿಗೆ ತೆರೆದಿಲ್ಲ. ಹಿಂದೂಗಳಲ್ಲದವರಿಗೆ ಇಂದಿಗೂ ಇಲ್ಲ. ತೆರೆದಿದ್ದದ್ದು ನಿವೃತ್ತ ಪೊಲೀಸ್ ಅಧಿಕಾರಿಯ ಮನೆ.

ಒಳಗೆ ಬನ್ನಿ. ಚಪ್ಪಲಿ ಹೊರಗೆ. ಆಶ್ರಮದ ಕಳೆ ಏನೂ ಇಲ್ಲ, ಯಾರದೋ ಮನೆಗೆ ಮಾತಾಡಲು ಬಂದ ಹಾಗಿದೆ. ಬಿಳಿ ಮುಂಡು ಉಟ್ಟ ಯಜಮಾನರು. ಮಲಯಾಳಿಗಳೊಂದಿಗೆ ಮಲಯಾಳ, ಹೊರಗಿನವರೊಂದಿಗೆ ಇಂಗ್ಲಿಷು. ರಮಣರಲ್ಲಿ ಮೌನ ಹೆಚ್ಚು. ಇಲ್ಲಿ ಮಾತೇ ಕೆಲಸ. ಇವರ ಪದ್ಧತಿ ಕೋರ್ಟಿನಲ್ಲಿ ಪಳಗಿದವರ ಪದ್ಧತಿ ಅನ್ನಿಸುತ್ತದೆ ನನಗೆ. ನೀವು ಏನು ಹೇಳಿದರೂ ಅದನ್ನೇ ಹಿಡಿದು ಪಾಟೀಸವಾಲು. ಎದುರಿಗೆ ಒಂದು ಕುರ್ಚಿ ಇದೆ ಅಂತೀರಿ. ಇದೆ ಎಂದು ಹೇಗೆ ಗೊತ್ತು? ನೋಡಿದೆ. ನೋಡಿದ್ದು ಆಕಾರವನ್ನು ತಾನೇ? ನೋಟವನ್ನು ಬಿಟ್ಟು ಆ ಆಕಾರವನ್ನು ಎಲ್ಲಾದರೂ ಕಂಡಿದ್ದೀರಾ? ಇಲ್ಲ. ಹಾಗಾದರೆ ಆಕಾರ ನೋಟದ ಹೊರಗಿಲ್ಲ. ನೋಟ ಅರಿವಿನ ಹೊರಗಿದೆಯೇ? ಅದೂ ಇಲ್ಲ. ಗಾಢನಿದ್ದೆಯಲ್ಲಿ ನೀವು ಇರಲಿಲ್ಲವೇ? ಇದ್ದೆ ಎನ್ನದೆ ವಿಧಿಯಿಲ್ಲ, ಎದ್ದ ಮೇಲೆ ಸುಖವಾಗಿ ಮಲಗಿದ್ದೆ ಅನ್ನುತ್ತೀರಲ್ಲ. ಕುರ್ಚಿಯಿಂದ ಹೊರಟು ನಾಲ್ಕು ಹೆಜ್ಜೆಯಲ್ಲಿ ನಿಮ್ಮ ಕಾಲಡಿಯ ನೆಲ ಹೋಗಿದೆ. ವಾದದ ಮೈಕಟ್ಟನ್ನು ನನ್ನ ಮಾತಲ್ಲಿ ಹೇಳಿದೆ. ಅವರ ‘ಆತ್ಮದರ್ಶನ’ ಎಂಬ ಪುಟ್ಟ ಪುಸ್ತಕದಲ್ಲಿ ಇದು ಇನ್ನೂ ಬಿಗಿಯಾಗಿದೆ. ಆಮೇಲೆ ‘ಆತ್ಮನಿರ್ವೃತಿ’ ಬಂತು. ಎರಡನ್ನೂ ಮಲಯಾಳದಲ್ಲಿ ಬರೆದು ಇಂಗ್ಲಿಷಿಗೆ ತಾವೇ ತಂದರು.

ಈಗ ಈ ಕೋಣೆಯಲ್ಲಿ ಮಯಾರ್ ಕೂತಿದ್ದಾರೆ ಎಂದುಕೊಳ್ಳಿ. ನಲವತ್ತು ದಾಟಿದೆ. ಬಿಸಿಲಿಗೆ ಕಂದಿದ ಗಟ್ಟಿ ಮುಖ. ಒಂಟೆ, ಕುದುರೆ, ಲಾರಿ, ಹಾಯಿದೋಣಿ ಎಲ್ಲ ಹತ್ತಿ ಇಳಿದ ಕಾಲುಗಳನ್ನು ಮಡಿಚಿ ನೆಲದ ಮೇಲೆ ಕೂತಿದ್ದಾರೆ. ಫ್ರೆಂಚ್ ಮನೆಮಾತು. ಬರೆಯಲು ಇಂಗ್ಲಿಷನ್ನೂ ಹಿಡಿದಿದ್ದಾರೆ. ಕಾಬೂಲಿನ ದಾರಿಯನ್ನು ಕುರಿತು 1947ರಲ್ಲಿ ಬಂದ ‘ದಿ ಕ್ರುಯೆಲ್ ವೇ’ ಇಂಗ್ಲಿಷಿನದು. ಅದರಲ್ಲಿ ಗೆಳತಿಗೆ ಕ್ರಿಸ್ತಿನಾ ಎಂದು ಹೆಸರು ಬದಲಿಸಿದ್ದಾರೆ.

ಇದೇ ಗುರುವಿನ ಬಳಿಗೆ ಅದೇ ಯುದ್ಧದ ವರ್ಷಗಳಲ್ಲಿ ಇನ್ನೊಬ್ಬರು ಬಂದರು. ನಮಗೆ ತೀರ ಬೇಕಾದವರು. ಹಾಸನದ ರಾಜಾ ರಾವ್. 1908ರ ನವೆಂಬರಿನಲ್ಲಿ ಹುಟ್ಟಿದವರು, ತಂದೆ ಹೈದರಾಬಾದಿನ ನಿಜಾಮ್ ಕಾಲೇಜಿನಲ್ಲಿ ಕನ್ನಡದ ಮೇಷ್ಟ್ರು. ಮಗ 1929ರಲ್ಲಿ ಫ್ರಾನ್ಸಿನ ಮೊಂಪೆಲ್ಯೆಗೆ ಹೋದರು, ಅಲ್ಲಿ ಫ್ರೆಂಚ್ ಅಧ್ಯಾಪಕಿ ಕಮೀಲ್ ಮೂಲಿಯನ್ನು ಮದುವೆಯಾದರು, ಅಲ್ಲಿಂದಲೇ ಧಾರವಾಡದ ‘ಜಯ ಕರ್ನಾಟಕ’ಕ್ಕೆ ಕನ್ನಡದಲ್ಲಿ ಬರೆದು ಕಳಿಸುತ್ತಿದ್ದರು. ಆಮೇಲೆ ಇಂಗ್ಲಿಷಿಗೆ ತಿರುಗಿದರು. 1938ರಲ್ಲಿ ‘ಕಾಂತಾಪುರ’. ನಾವು ಕನ್ನಡಿಗರು ಅವರನ್ನು ಅಲ್ಲಿಗೇ ನಿಲ್ಲಿಸಿಬಿಟ್ಟಿದ್ದೇವೆ. ಪಠ್ಯದಲ್ಲಿ ‘ಕಾಂತಾಪುರ’, ಪ್ರಶ್ನೆಪತ್ರಿಕೆಯಲ್ಲಿ ‘ಕಾಂತಾಪುರ’. ಅವರ ಬರವಣಿಗೆಯ ಉಳಿದರ್ಧಕ್ಕೆ ಊರು ಹಾಸನವಲ್ಲ, ತಿರುವನಂತಪುರ. 1960ರ ‘ದಿ ಸರ್ಪೆಂಟ್ ಅಂಡ್ ದಿ ರೋಪ್’ ಮುಗಿಯುವುದೇ ನಾಯಕ ತಿರುವಿತಾಂಕೂರಿನ ಗುರುವಿನೆಡೆಗೆ ಹೊರಡಲು ನಿಶ್ಚಯಿಸುವಲ್ಲಿ. ಸಾಹಿತ್ಯ ಅಕಾಡೆಮಿ ಬಹುಮಾನ ಬಂದ ಈ ದೊಡ್ಡ ಕಾದಂಬರಿಯನ್ನು ಗೌರವದಿಂದ ಓದುತ್ತಾರೆ, ಪ್ರೀತಿಯಿಂದ ಓದಿದವರು ಕಡಿಮೆ. ಹೇಳಬೇಕಾದ್ದನ್ನೆಲ್ಲ ಅಲ್ಲಿ ಹೇಳಿಯೇಬಿಡುತ್ತಾರೆ, ಅದೇ ತೊಡಕು.

ಆ ಕೋಣೆಯನ್ನು ಇನ್ನೊಮ್ಮೆ ನೋಡಿ. ಮಲಯಾಳಿ ಗುರು, ಕನ್ನಡಿಗ, ಫ್ರೆಂಚ್ ಮಾತಿನ ಸ್ವಿಸ್ ಹೆಂಗಸು. ಯಾರಿಗೂ ಮನೆಮಾತಲ್ಲದ ಭಾಷೆಯಲ್ಲಿ ಮಾತು ನಡೆಯುತ್ತದೆ, ಅದರಲ್ಲೇ ಮೂವರೂ ಪುಸ್ತಕ ಬರೆಯುತ್ತಾರೆ. ಅನುವಾದ ಎಂಬುದು ಇವರಿಗೆ ಬರೆದಾದ ಮೇಲೆ ಮಾಡುವ ಕೆಲಸವಾಗಿರಲಿಲ್ಲ, ಬಾಯಿ ತೆರೆದರೆ ಅದೇ.

ಇಲ್ಲಿಂದ ಎದ್ದುಹೋದ ಇಬ್ಬರೂ ಬೆಕ್ಕಿನ ಮೇಲೊಂದು ಪುಸ್ತಕ ಬರೆದರು. ನನಗೆ ಈ ಪ್ರಯಾಣ ಬೇಕಾದದ್ದೇ ಅದಕ್ಕಾಗಿ.

ಮಯಾರರದು ‘ತಿ-ಪುಸ್’, 1951. ದಕ್ಷಿಣ ಭಾರತದಲ್ಲಿ ಒಂದು ಬೆಕ್ಕಿನೊಂದಿಗೆ ಕಳೆದ ವರ್ಷಗಳ ಕಥೆ. ಅದನ್ನು ಸಾಕಿ, ಅದನ್ನು ಹೊತ್ತೇ ಅಲೆದು, ಅದು ಕಾಣದಾದಾಗ ಕಂಗಾಲಾದ ಹೆಂಗಸು ಇಲ್ಲಿದ್ದಾಳೆ. ಐದು ವರ್ಷ ಇಬ್ಬರು ಮಹಾಜ್ಞಾನಿಗಳ ಹತ್ತಿರ ಇದ್ದವರು ಬರೆಯಬಹುದಾದ ಪುಸ್ತಕ ಇದೇನಾ ಎಂದು ಆಗ ಕೆಲವರಿಗಾದರೂ ಅನ್ನಿಸಿರಬೇಕು. ಅವರ ಹೆಸರು ಇಂದಿಗೂ ನಿಂತಿರುವುದು ಪೀಕಿಂಗ್‌, ಕಾಬೂಲುಗಳ ಮೇಲೆ. ದೇಶ ದೇಶಗಳ ಓದುಗರು ಹುಡುಕುವುದು ಆ ಸಾಹಸವನ್ನೇ. ನಾನು ಮಾತ್ರ ಬೆಕ್ಕಿನ ಪುಸ್ತಕದ ಪಕ್ಷ. ಮರುಭೂಮಿ ದಾಟುವವಳಿಗೆ ಯಾವ ಪ್ರಾಣಿಯೂ ಬೇಕಾಗಿರಲಿಲ್ಲ, ಒಂಟೆ ಸತ್ತರೆ ಇನ್ನೊಂದು ಒಂಟೆ. ಒಂದೆಡೆ ಕೂತಮೇಲೆ ಒಂದು ಜೀವಕ್ಕೆ ಅಂಟಿಕೊಂಡರು. ನಾನು ನನ್ನದು ಎಂಬುದನ್ನು ಬಿಡಿಸಲು ಗುರು ಕೂತಿದ್ದಾನೆ, ಅದೇ ನಾನು ನನ್ನದು ಮಡಿಲಲ್ಲಿ ಮೈ ನೆಕ್ಕಿಕೊಳ್ಳುತ್ತ ಕೂತಿದೆ. ಅದ್ವೈತವನ್ನು ವಿವರಿಸಿದ್ದರೆ ಇನ್ನೊಂದು ವೇದಾಂತದ ಪುಸ್ತಕವಾಗುತ್ತಿತ್ತು. ಬೆಕ್ಕನ್ನು ವಿವರಿಸಿದ್ದರಿಂದ ಅವರ ಸೋಲುಗೆಲುವು ಮುಚ್ಚುಮರೆಯಿಲ್ಲದೆ ಕಾಣುತ್ತದೆ.

ರಾಜಾ ರಾವ್ ಅವರದು ‘ದಿ ಕ್ಯಾಟ್ ಅಂಡ್ ಷೇಕ್ಸ್‌ಪಿಯರ್’, 1965. ಊರು ಇದೇ, ಕಾಲ ಇದೇ ರೇಷನ್ನಿನ ಕಾಲ. ಕಥೆ ಹೇಳುವವನು ರಾಮಕೃಷ್ಣ ಪೈ, ಗುಮಾಸ್ತ. ಮಟ್ಟಾಂಚೇರಿಯ ಕೊಂಕಣಿ ಕೇರಿಯಲ್ಲಿ ಕೂಗಿದರೆ ಹತ್ತು ಮಂದಿ ಓಗೊಡುವ ಹೆಸರು. ಪಕ್ಕದ ಮನೆಯವನು ಗೋವಿಂದನ್ ನಾಯರ್, ರೇಷನ್ ಆಫೀಸಿನವನು. ನಡುವೆ ಒಂದು ಗೋಡೆ, ಅದನ್ನು ಹಾರಿ ಬರುವುದೇ ನಾಯರನ ಕೆಲಸ. ಅಂಗಳದಲ್ಲಿ ಬಿಲ್ವದ ಮರ. ಬೇಟೆಗಾರ ತಿಳಿಯದೆಯೇ ಲಿಂಗದ ಮೇಲೆ ಪತ್ರೆ ಉದುರಿಸಿ ಮೋಕ್ಷ ಪಡೆದ ಶಿವರಾತ್ರಿಯ ಕಥೆ ಅಲ್ಲಿ ಹಾಯುತ್ತದೆ. ನಾಯರನಿಗೆ ಒಂದೇ ಸಿದ್ಧಾಂತ: ತಾಯಿಬೆಕ್ಕು ಕತ್ತು ಕಚ್ಚಿ ಎತ್ತಿಕೊಂಡು ಹೋಗುವ ಮರಿಯಂತೆ ಇದ್ದುಬಿಡು. ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಮೇಲುಕೋಟೆಯ ಹತ್ತಿರ ಬೆಳೆದವರು ಮರ್ಕಟಕಿಶೋರ ನ್ಯಾಯ, ಮಾರ್ಜಾರಕಿಶೋರ ನ್ಯಾಯ ಎಂಬ ಜಗಳವನ್ನು ಕೇಳಿಯೇ ಇರುತ್ತಾರೆ: ಮಂಗನ ಮರಿ ತಾನೇ ತಾಯಿಯನ್ನು ತಬ್ಬಬೇಕು, ಬೆಕ್ಕಿನ ಮರಿ ಸುಮ್ಮನಿದ್ದರೆ ಸಾಕು. ಶ್ರೀವೈಷ್ಣವರ ಈ ಬೆಕ್ಕನ್ನು ಹಾಸನದ ಸ್ಮಾರ್ತ ಮನೆತನದ ಹುಡುಗ ಎತ್ತಿಕೊಂಡು ಬಂದು ತಿರುವನಂತಪುರದ ಅದ್ವೈತಿಯ ಅಂಗಳದಲ್ಲಿ ಬಿಟ್ಟಿದ್ದಾರೆ! ಆಮೇಲೆ ಅದೇ ಬೆಕ್ಕು ರೇಷನ್ ಆಫೀಸಿಗೂ ಬರುತ್ತದೆ, ಗುಮಾಸ್ತರ ನಡುವೆ ನಾಯರ್ ಅದನ್ನಿಟ್ಟುಕೊಂಡು ಹ್ಯಾಮ್ಲೆಟ್ಟಿನ ಧಾಟಿಯಲ್ಲಿ ಭಾಷಣ ಬಿಗಿಯುತ್ತಾನೆ, ಬೆಕ್ಕು ಮೇಲಧಿಕಾರಿ ಭೂತಲಿಂಗ ಅಯ್ಯರ ತಲೆಯ ಮೇಲೆ ಹಾರುತ್ತದೆ, ಅಯ್ಯರ್ ಅಲ್ಲೇ ಪ್ರಾಣ ಬಿಡುತ್ತಾರೆ. ನಗಬೇಕೋ ಬೇಡವೋ ತಿಳಿಯದೆ ನೀವು ನಗುತ್ತೀರಿ.

ಗುರುವನ್ನು ನೇರ ಎದುರಿಗೆ ಕೂರಿಸಿಕೊಂಡು ಬರೆಯಲು ಹೋದಾಗಲೆಲ್ಲ ಮಾತು ಉಪದೇಶವಾಗುತ್ತದೆ. ಎಷ್ಟೋ ಭಕ್ತರ ಪುಸ್ತಕಗಳು ಹಾಗೆ ಕೆಟ್ಟಿವೆ. ಇವರಿಬ್ಬರೂ ಆ ಗುಂಡಿಯಿಂದ ತಪ್ಪಿಸಿಕೊಂಡದ್ದು ಬೆಕ್ಕಿನ ಬೆನ್ನುಹತ್ತಿ. ಒಬ್ಬರದು ಸಾಕಿದ ಬೆಕ್ಕು, ಇನ್ನೊಬ್ಬರದು ಶಾಸ್ತ್ರದ ಬೆಕ್ಕು. ಎರಡನ್ನೂ ಒಟ್ಟಿಗೆ ಕನ್ನಡಕ್ಕೆ ತಂದು ಒಂದೇ ರಟ್ಟಿನೊಳಗೆ ಹೊಲಿಯುವ ಪ್ರಕಾಶಕರಿದ್ದರೆ ನಾನು ಮುಂಗಡ ದುಡ್ಡು ಕೊಡುತ್ತೇನೆ.

ಪೇಟೆಯಲ್ಲಿ ದೀಪ ಹತ್ತಿದೆ. ಚಾಲೆ ಬಜಾರಿನ ಬಾಯಲ್ಲಿ ಬಾಳೆಗೊನೆ ಇಳಿಸುವವರ ಕೂಗು, ಹಾರ ಕಟ್ಟುವವರ ಕೈಯಲ್ಲಿ ಒದ್ದೆ ತುಳಸಿ. ಪೂರ್ವದ ಕೋಟೆಬಾಗಿಲಿನಿಂದ ಮತ್ತೆ ನಮ್ಮ ಕಾಲಕ್ಕೆ ಬಂದಿದ್ದೀರಿ. ಆಟೋದವನು ಎಲ್ಲಿಗೆ ಎಂದು ಮಲಯಾಳದಲ್ಲಿ ಕೇಳುತ್ತಾನೆ, ನೀವು ಕನ್ನಡದಲ್ಲಿ ಹೇಳಿದರೂ ತಂಬಾನೂರು ಎಂಬ ಒಂದು ಹೆಸರು ಸಾಕು.

ಯುದ್ಧ ಮುಗಿದು 1945ರಲ್ಲಿ ಮಯಾರ್ ಊರಿಗೆ ಮರಳಿದರು. ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಆ ಸಿಯೆರ್ ಪಟ್ಟಣದಿಂದ ಮೇಲಕ್ಕೆ ಕಣಿವೆಯಲ್ಲಿ ಹತ್ತಿದರೆ ಸುಮಾರು ಎರಡು ಸಾವಿರ ಮೀಟರ್ ಎತ್ತರದಲ್ಲಿ ಶಾಂದೊಲಾಂ ಎಂಬ ಹಳ್ಳಿ. ರಿಲ್ಕೆಯ ಕಲ್ಲುಮನೆ ಕೆಳಗೆ, ಇವರ ಮರದ ಮನೆ ಮೇಲೆ. ಮನೆಗೆ ‘ಅಚಲ’ ಎಂದು ಹೆಸರಿಟ್ಟರು, ತಿರುವಣ್ಣಾಮಲೈಯ ಬೆಟ್ಟ ಅರುಣಾಚಲದ ನೆನಪಿಗೆ. ಅಲೆಮಾರಿಯ ಮನೆಗೆ ಇಂಥ ಹೆಸರು. ಹಾಗಂತ ಅಲ್ಲಿಗೇ ಅಂಟಿಕೊಂಡವರೇನಲ್ಲ. 1951ರಲ್ಲಿ ನೇಪಾಳಕ್ಕೆ ಹೋದರು, 1957ರಿಂದ ಮೂವತ್ತು ವರ್ಷ ಯುರೋಪಿನವರನ್ನು ಗುಂಪು ಕಟ್ಟಿಕೊಂಡು ಏಷ್ಯಾ ತೋರಿಸಿದರು. 1997ರ ಮಾರ್ಚ್ 27ರಂದು, ತೊಂಬತ್ತನಾಲ್ಕಕ್ಕೆ, ಅದೇ ಹಳ್ಳಿಯಲ್ಲಿ ತೀರಿಕೊಂಡರು. ಲೈಕಾ ಕ್ಯಾಮರಾದಲ್ಲಿ ತೆಗೆದ ಫೋಟೋಗಳು ಲೊಸಾನಿನ ಎಲಿಜೇ ಸಂಗ್ರಹಾಲಯದಲ್ಲಿವೆ, ಹಸ್ತಪ್ರತಿಗಳು ಜಿನೀವಾದ ಗ್ರಂಥಾಲಯದಲ್ಲಿ. ರಾಜಾ ರಾವ್ 1966ರಿಂದ ಅಮೆರಿಕದ ಆಸ್ಟಿನ್‌ನಲ್ಲಿ ತತ್ತ್ವಶಾಸ್ತ್ರ ಕಲಿಸಿ, 2006ರಲ್ಲಿ ಅಲ್ಲೇ ಕಣ್ಮುಚ್ಚಿದರು. ಕೃಷ್ಣ ಮೇನನ್ 1959ರ ಮೇ ತಿಂಗಳಲ್ಲಿ ಇದೇ ತಿರುವನಂತಪುರದಲ್ಲಿ.

ರಾತ್ರಿಯ ಗಾಡಿ ಮತ್ತೆ ಕೋಟ್ಟಯಂ ಮೇಲಿನದೇ ಹಿಡಿಯಿರಿ. ಬೆಳಗಿನ ಹೊತ್ತಿನದು ಸಿಕ್ಕರೆ ಇನ್ನೂ ಒಳ್ಳೆಯದು, ಏಕೆಂದರೆ ನಡುವೆ ಚೆಂಗನ್ನೂರು ಬರುತ್ತದೆ. ಅಲ್ಲಿಂದ ಆರನ್ಮುಳದ ಕಡೆ ಹೋದರೆ ಪಂಪಾ ಹೊಳೆಯ ಹತ್ತಿರ ಮಾಲಕ್ಕರ. ಕೃಷ್ಣ ಮೇನನ್ನರ ಮಗ ಅದ್ವಯಾನಂದರು ತಂದೆಯ ಪಾಠ ಮುಂದುವರಿಸಿದ ‘ಆನಂದವಾಡಿ’ ಅಲ್ಲಿದೆ. ಶಬರಿಮಲೆಯ ಕಾಲವಾದರೆ ಚೆಂಗನ್ನೂರಿನ ಪ್ಲಾಟ್‌ಫಾರಂ ಕಪ್ಪು ಪಂಚೆಯವರಿಂದ ತುಂಬಿರುತ್ತದೆ, ಅರ್ಧಕ್ಕರ್ಧ ಕನ್ನಡ ಕೇಳುತ್ತದೆ, ಇರುಮುಡಿ ಹೊತ್ತವರ ನಡುವೆ ಚೀಲ ಎತ್ತಿಕೊಂಡು ಇಳಿಯುವುದು ಸ್ವಲ್ಪ ಕಷ್ಟ. ಗಾಡಿ ನಿಲ್ಲುವುದು ಎರಡೇ ನಿಮಿಷ. ಇಳಿಯುವುದಾದರೆ ತಿಂಡಿ ಪೊಟ್ಟಣ ಕಟ್ಟಿಟ್ಟು ಮೊದಲೇ ಬಾಗಿಲ ಹತ್ತಿರ ಬಂದು ನಿಲ್ಲಿ.